ಹಸಿರು ಬಳೆ ಪಕ್ಕದ ಎಲೆ

ಬೀಚನಹಳ್ಳಿ
೧೮ ಜನವರಿ ೨೦೨೫

ಅವ್ವನ ಪಾದಕ್ಕೆ ಮಾಯಮ್ಮನ ನಮಸ್ಕಾರ.

ಮಾದಪ್ಪನ ದಯೆಯಿಂದ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಸಂಕ್ರಾಂತಿಗೆ ಕಂಡಕ್ಟರ್ ಕೈಯಲ್ಲಿ ಎಳ್ಳುಬೆಲ್ಲ ಕಳಿಸಿದ್ದೆ. ಸೇರಿತು ಎಂದು ಅಣ್ಣ ಫೋನಿನಲ್ಲಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಫೋನು ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಬಂದು ಹೇಳೋಣವೆಂದರೆ ಹೊಸ್ತಿಲು ತುಳಿಯಬೇಡ ಎಂದಿದ್ದೀಯ. ಮೂರು ವರ್ಷದಿಂದ ಹಿರಿಯರ ಹಬ್ಬಕ್ಕೆ ನಾನು ತವರಿಗೆ ಬಂದಿಲ್ಲ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ಅಣ್ಣನ ಮಗಳು ಸಂಘಮಿತ್ರ ಓದಿ ಹೇಳಲಿ.

ಸಮಾಚಾರ ಏನೆಂದರೆ, ಹುಣಸೂರಿನ ಅಡುಗೆ ಕಂಟ್ರಾಕ್ಟರ್ ಕಂಠಪ್ಪನವರು ಒಂದು ದೊಡ್ಡ ಮದುವೆ ಒಪ್ಪಿಕೊಂಡಿದ್ದಾರೆ. ಗಂಡಿನವರು ಮೈಸೂರಿನವರು, ಮದುವೆ ಮಾತ್ರ ಥಾಯ್ಲೆಂಡ್ ದೇಶದಲ್ಲಿ, ಹೊಳೆ ದಡದ ಒಂದು ರೆಸಾರ್ಟಿನಲ್ಲಂತೆ. ಬೀಗರಿಗೆ ಒತ್ತುಶ್ಯಾವಿಗೆ, ಕಾಯಿಹಾಲು, ಮುದ್ದೆ, ಸೊಪ್ಪಿನ ಸಾರು ಎಲ್ಲಾ ನಮ್ಮ ಕಡೆಯದೇ ಆಗಬೇಕಂತೆ. ಶ್ಯಾವಿಗೆಗೆ ನಾನು, ಒಗ್ಗರಣೆ ಮತ್ತು ಸಾರಿಗೆ ಕೆ.ಆರ್. ನಗರದ ಮಾದೇಶ್, ಇನ್ನೂ ನಾಲ್ಕೈದು ಜನ ಹೊರಟಿದ್ದೇವೆ. ಪಾಸ್‌ಪೋರ್ಟಿಗೆ ಪೊಲೀಸಿನವರು ಮನೆಗೆ ಬಂದಾಗ ಬೀದಿಯವರೆಲ್ಲ ನನ್ನ ಮೇಲೆ ಕೇಸಾಗಿದೆ ಎಂದುಕೊಂಡರು. ಆಮೇಲೆ ವಿಮಾನದ ವಿಷಯ ತಿಳಿದು ಅದೇ ಜನ ಮಡಿಲಿಗೆ ತೆಂಗಿನಕಾಯಿ ಹಾಕಿದರು.

ಅವ್ವಾ, ಆ ರೆಸಾರ್ಟ್ ಇರುವ ಊರಿನ ಹೆಸರು ಕಾಂಚನಬುರಿ. ಕಂಠಪ್ಪನವರು ಫೋನಿನಲ್ಲಿ ಆ ಊರಿನ ಚಿತ್ರ ತೋರಿಸಿದರು. ಬೆಟ್ಟದ ಬದಿಗೆ ಮರದ ಕಂಬಗಳ ಮೇಲೆ ರೈಲು ಹೋಗುತ್ತಿದೆ, ಕೆಳಗೆ ಹೊಳೆ. ಫೋನನ್ನು ಅವರ ಕೈಯಿಂದ ಇಸಿದುಕೊಂಡು ಇನ್ನೊಮ್ಮೆ ನೋಡಿದೆ. ಅಂಕಯ್ಯ ತಾತ ನಮ್ಮ ಜಗಲಿ ಮೇಲೆ ಕೂತು ಹೇಳುತ್ತಿದ್ದದ್ದು ಇದೇ ಅಲ್ಲವೇ? ಕೊಡಗಿನ ತೋಟದಿಂದ ನಮ್ಮ ತಾತನೂ ಅವರೂ ಮಲಯಕ್ಕೆ ರಬ್ಬರ್ ಕೆಲಸಕ್ಕೆ ಹೋದದ್ದು, ಯುದ್ಧ ಬಂದು ಜಪಾನಿನವರು ಅಲ್ಲಿಂದ ಗೂಡ್ಸ್ ಗಾಡಿಯಲ್ಲಿ ತುಂಬಿಕೊಂಡು ಬಂದು ಕಾಡಿನಲ್ಲಿ ರೈಲುದಾರಿ ಹಾಕಿಸಿದ್ದು. ತಾತ ಚಾಮಯ್ಯ ಉಳಿದುಕೊಂಡ ಜಾಗ.

ಮದುವೆ ಮುಗಿದ ಮೇಲೆ ಒಂದು ದಿನ ಬಿಡುವು ಕೊಡುತ್ತಾರೆ. ಅಲ್ಲಿಗೆ ಹೋಗಿ ಬರಲೇ? ನೀನು ಬೇಡ ಎಂದರೆ ಹೋಗುವುದಿಲ್ಲ. ಆದರೆ ನನ್ನ ಮನಸ್ಸು ನಿನಗೆ ಗೊತ್ತು. ಹಬ್ಬದ ದಿನ ಮನೆಯ ಹಿರಿಯರೆಲ್ಲ ಬಂದು ಅವರವರ ಎಲೆ ಮುಂದೆ ಕೂರುತ್ತಾರೆ, ತಾತ ಒಬ್ಬನೇ ಬಾಗಿಲ ಹೊರಗೆ ನಿಂತಿರುತ್ತಾನೆ ಎಂದು ನನಗೆ ಅನ್ನಿಸುತ್ತದೆ. ಅದಕ್ಕೇ ಆವತ್ತು ನಿನ್ನನ್ನು ಕೇಳದೆ ಒಂದು ಎಲೆ ಹೆಚ್ಚಿಗೆ ಹಾಕಿದೆ. ನೀನು ಅದನ್ನು ಎತ್ತಿ ದನದ ಬಾನಿಗೆ ಹಾಕಿದೆ. ಮುಂದೆ ನಡೆದದ್ದನ್ನು ಬರೆಯುವುದು ಬೇಡ.

ಇಂತಿ ನಿನ್ನ ಕೊನೆಯ ಮಗಳು,
ಮಾಯಮ್ಮ


ರಾವಂದೂರು
೨೭ ಜನವರಿ ೨೦೨೫

ಅತ್ತೆ, ನಾನು ಸಂಘಮಿತ್ರ. ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ತಿದ್ದಿದರೆ ಗೊತ್ತಾಗುತ್ತದೆ, ಬರೆದ ಮೇಲೆ ಕಿವಿಗೆ ಬಾಯಿಟ್ಟು ಓದಿಸಿಕೊಳ್ಳುತ್ತಾರೆ. ನಿಮ್ಮ ಕಾಗದವನ್ನೂ ಹಾಗೇ ಓದಿದೆ. ಈಗ ನಮ್ಮ ಬೀದಿಗೆಲ್ಲ ನೀವು ವಿಮಾನ ಹತ್ತುವುದು ಗೊತ್ತು. ಇನ್ನು ಮುಂದಿನದು ಅಜ್ಜಿಯ ಮಾತು:

ಮಾಯಿ, ಎಳ್ಳುಬೆಲ್ಲ ಬಂತು. ಕೊಬ್ರಿ, ಬೆಲ್ಲ ಎಲ್ಲಾ ಗೋಲಿ ಗಾತ್ರ ಹೆಚ್ಚಿದ್ದೀಯ. ನಿಮ್ಮವ್ವಂಗೆ ತೊಂಬತ್ತಾಯ್ತು, ಬಾಯಲ್ಲಿ ಹಲ್ಲಿಲ್ಲ ಅನ್ನೋದು ಮರ್ತೋಯ್ತಾ? ಸಂಘಿ ಕುಟ್ಟಿ ಕೊಟ್ಳು, ತಿಂದೆ.

ಮದ್ವೆ ಊಟ ಹಾಕ್ಸೋಕೆ ಸಮುದ್ರ ದಾಟ್ಬೇಕೇನೆ? ಆ ದೇಶದಲ್ಲಿ ಒಲೆ ಹತ್ಸೋರು ಇಲ್ವಾ? ಇರ್ಲಿ ಬುಡು. ಕೆಲಸ ಅಂದ್ಮೇಕೆ ಓಗ್ಬೇಕು, ಓಗು.

ನಮ್ಮಪ್ಪನ ಇಸ್ಯ ಕೇಳಿದ್ದೀಯ. ನನಗೆ ಆಗ ಮೂರೋ ನಾಕೋ ವರ್ಸ. ಅಪ್ಪ ಕೊಡಗಿಗೆ ಒಂಟಾಗ ನನ್ನ ಹೆಗಲ ಮೇಲೆ ಕೂರಿಸ್ಕಂಡು ಪಿರಿಯಾಪಟ್ಟಣದ ರಸ್ತೆಗಂಟ ಬಂದ. ಅಲ್ಲಿ ನನ್ನ ಕೆಳಗೆ ಇಳಿಸಿ ಅವ್ವನ ಕೈಗೆ ಕೊಟ್ಟ. ಅಷ್ಟೇ ನೆಪ್ಪಿರೋದು. ಮುಖ ಕಂಡಿಲ್ಲ ಕಣೆ ನಾನು. ಮೇಲೆ ಕೂತಿದ್ನಲ್ಲ, ಮುಖ ಎಲ್ಲಿ ಕಾಣ್ತದೆ? ತಲೆ ಕೂದ್ಲು, ಕಿವಿ, ಹೆಗಲು. ಹೆಗಲ ಮೇಲೊಂದು ಟವಲು, ನನಗೆ ಒತ್ತದೆ ಇರ್ಲಿ ಅಂತ ಮಡ್ಸಿ ಆಕಿದ್ದ.

ಅಂಕಯ್ಯ ಒಬ್ನೇ ವಾಪಸ್ ಬಂದ. ಹಗ್ಗದಂಗಾಗಿದ್ದ. "ಬೆಟ್ಟ ಕಡಿದು ಹೊಳೆ ಮೇಲೆ ಮರದ ಕಂಬ ನೆಟ್ಟು ಕಂಬಿ ಹಾಕುದ್ವಿ, ಪಕ್ಕದಲ್ಲೊಂದು ಗವಿ ಇತ್ತು, ಅಲ್ಲಿ ಚಾಮಂಗೆ ವಾಂತಿಭೇದಿ ಆಯ್ತು, ಕಾಯಿಲೆ ಜೋಪಡಿಗೆ ಹಾಕಿದ್ರು, ನನ್ನ ಮುಂದಕ್ಕೆ ಹೊಡ್ಕಂಡೋದ್ರು" ಅಂದ. ಅವ್ವ ಕೇಳಿದ್ದು ಒಂದೇ ಮಾತು. "ಅವರು ಉಸಿರು ಬುಟ್ಟಿದ್ದು ಕಣ್ಣಾರೆ ಕಂಡ್ಯಾ ಅಂಕಣ್ಣ?" ಇಲ್ಲ ತಾಯಿ ಅಂದ. "ಅಂಗಾದ್ರೆ ನನ್ನ ಬಳೆ ತಂಟೆಗೆ ಯಾರೂ ಬರಬ್ಯಾಡಿ" ಅಂದ್ಬುಟ್ಟು ಒಳಿಕ್ಕೋದ್ಲು. ಊರೆಲ್ಲಾ ಆಡ್ಕತು. ಸಾಯೋಗಂಟ ಕುಂಕ್ಮ ಇಟ್ಲು, ಹಸಿರು ಬಳೆ ತೊಟ್ಲು. ಮುತ್ತೈದೆಯಾಗೇ ಮಣ್ಣು ಮಾಡಿದ್ದು. ಅವ್ಳ ಎಲೆಗೆ ಪ್ರತಿ ಹಬ್ಬದಲ್ಲೂ ಹಸಿರು ಬಳೆ, ಕುಂಕ್ಮ ಇಕ್ಕಿರೋಳು ನಾನು. "ಕಣ್ಣಾರೆ ಕಂಡೋರು ಬಂದು ಹೇಳೋಗಂಟ ನಿಮ್ಮಪ್ಪಂಗೆ ಎಲೆ ಹಾಕ್ಬ್ಯಾಡ" ಅಂತ ನನ್ನ ಕೈ ಹಿಡ್ಕಂಡು ಮಾತು ತಗಂಡವ್ಳೆ.

ಅಪ್ಪಂಗೆ ಎಲೆ ಹಾಕಿದ ದಿನ ಅವ್ವನ ಎಲೆ ಮೇಲಿಂದ ಬಳೆ ತೆಗೀಬೇಕಾಯ್ತದೆ. ಅಷ್ಟು ವರ್ಸ ಗಂಡ ಸತ್ತೋಗಿದ್ರೂ ಬಳೆ ತೊಟ್ಟಿದ್ಲು ಅಂತ ಆಯ್ತದೆ. ಅದನ್ನ ಯೋಚ್ನೆ ಮಾಡ್ದಾ ನೀನು ಆವತ್ತು?

ಓಗ್ತೀಯಾ, ಓಗು. ಬೇಡ ಅಂದ್ರೂ ನಿನ್ನ ಕಾಲು ನಿಲ್ಲಾಕಿಲ್ಲ. ಎರಡು ಮಾತು ಮಾತ್ರ ಕೇಳಿಸ್ಕೋ. ಅಲ್ಲಿ ಅಪ್ಪನ ಹೆಸರಲ್ಲಿ ಎಡೆ ಗಿಡೆ ಇಕ್ಕಕೂಡದು. ಇನ್ನೊಂದು, ಯುದ್ಧದಲ್ಲಿ ಸತ್ತೋರಿಗೆ ಕಲ್ಲು ಕೂರಿಸಿ ಹೆಸರು ತಾರೀಕು ಕೆತ್ತಿರ್ತಾರೆ ಅಂತ ಸಂಘಿ ಹೇಳ್ತಾಳೆ. ಅಂಥದ್ದು ಕಂಡ್ರೆ ಆ ತಾರೀಕ ನನಗೆ ಬಂದು ಹೇಳ್ಬ್ಯಾಡ. ನಾನು ಕೇಳೋಗಂಟ ಬಾಯಿ ಬುಡಬ್ಯಾಡ.

ಚಳಿ ಇದ್ರೆ ತಲೆಗೆ ಬಟ್ಟೆ ಕಟ್ಕೋ. ಮಸಣಿಕಮ್ಮ ಕಾಯ್ಲಿ.

ಚಿಕ್ಕಸಿದ್ದಮ್ಮ
(ಹೆಬ್ಬೆಟ್ಟು ಬೇಡ, ಸೈನೇ ಮಾಡುತ್ತೇನೆ ಎಂದು ತಾವೇ ಹಾಕಿದ್ದಾರೆ. ಸಂಘಮಿತ್ರ)


ಕಾಂಚನಬುರಿ
೧೯ ಫೆಬ್ರವರಿ ೨೦೨೫

ಅವ್ವನಿಗೆ ನಮಸ್ಕಾರ.

ಮದುವೆ ಚೆನ್ನಾಗಿ ಆಯಿತು. ಶ್ಯಾವಿಗೆ ಒರಳು ನಮ್ಮದೇ ತಂದಿದ್ದೆವು. ಅದನ್ನು ವಿಮಾನದವರು ಪೆಟ್ಟಿಗೆಯಿಂದ ತೆಗೆಸಿ, ಇದೇನು ಆಯುಧ ಎಂದು ಕೇಳಿದರು. ಮಾದೇಶ್ ಕೈಸನ್ನೆಯಲ್ಲಿ ಒತ್ತಿ ತೋರಿಸಿ, ತಿಂದು ತೋರಿಸಿ, ಹೊಟ್ಟೆ ಸವರಿ ತೋರಿಸಿದ ಮೇಲೆ ನಗುತ್ತಾ ಬಿಟ್ಟರು.

ನಿನ್ನೆ ಬಿಡುವು ಕೊಟ್ಟಿದ್ದರು. ಉಳಿದವರೆಲ್ಲ ವ್ಯಾನು ಮಾಡಿಕೊಂಡು ಬ್ಯಾಂಕಾಕಿಗೆ ಅಂಗಡಿ ನೋಡಲು ಹೋದರು. ನಾನು ರೈಲಿಗೆ ಹೋಗುತ್ತೇನೆ ಎಂದೆ. ಕಂಠಪ್ಪನವರು ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಮಾದೇಶನನ್ನು ಜೊತೆ ಮಾಡಿದರು. ಅವನಿಗೆ ಅಂಗಡಿ ತಪ್ಪಿತೆಂದು ಸಿಟ್ಟು. "ಅಕ್ಕಾ, ರೈಲು ನೋಡೋಕೆ ಇಲ್ಲಿಗಂಟ ಬರಬೇಕಿತ್ತಾ? ನಮ್ಮ ಕೆ.ಆರ್. ನಗರದ ಸ್ಟೇಷನ್ನಲ್ಲೇ ತೋರಿಸ್ತಿರ್ಲಿಲ್ವಾ?" ಎಂದ. ತಾತನ ವಿಷಯ ಹೇಳಿದೆ. ಅದನ್ನು ಕೇಳಿ ನನ್ನ ಚೀಲ ತಾನೇ ಹೊತ್ತುಕೊಂಡ.

ರೆಸಾರ್ಟಿನ ಗೇಟಿನಿಂದ ಊರಿಗೆ ಹೋಗುವುದಕ್ಕೆ ನಮ್ಮ ಟೆಂಪೋ ಥರದ ಗಾಡಿ. ಹಿಂದೆ ಎದುರುಬದುರು ಎರಡು ಬೆಂಚು, ಮೇಲೊಂದು ತಗಡು, ಇಳಿಯುವವರು ಗುಂಡಿ ಒತ್ತಿದರೆ ನಿಲ್ಲುತ್ತದೆ. ರಾವಂದೂರಿನಿಂದ ಪಿರಿಯಾಪಟ್ಟಣದ ಸಂತೆಗೆ ಹೋದ ಹಾಗೇ ಆಯಿತು. ನನ್ನ ಕಾಲ ಬಳಿ ಒಬ್ಬಾಕೆಯ ಸೊಪ್ಪಿನ ಕುಕ್ಕೆ, ಪಕ್ಕದಲ್ಲಿ ಶಾಲೆಯ ಮಕ್ಕಳು, ಕೊನೆಯಲ್ಲಿ ಕಾವಿ ಬಟ್ಟೆಯ ಒಬ್ಬ ಸನ್ಯಾಸಿ. ಹೆಂಗಸರು ಆತನಿಗೆ ತಾಗಬಾರದಂತೆ, ಸೊಪ್ಪಿನಾಕೆ ನನ್ನ ಸೆರಗು ಹಿಡಿದು ಈಚೆಗೆ ಎಳೆದಳು. ಎಳೆದ ಕೈಯನ್ನು ಹಾಗೇ ನನ್ನ ತೊಡೆ ಮೇಲೆ ಇಟ್ಟುಕೊಂಡು ಕೂತಳು. ಮಾತು ಒಂದೂ ತಿಳಿಯದು, ಆದರೂ ಅವಳು ಇಳಿಯುವ ತನಕ ಸೊಪ್ಪಿನ ಬೆಲೆ ಮಾತಾಡಿದೆವು ಎಂದೇ ನನ್ನ ಲೆಕ್ಕ.

ಸ್ಟೇಷನ್ನಿನ ಎದುರಿಗೇ ಯುದ್ಧದಲ್ಲಿ ಸತ್ತ ಬಿಳಿಯ ಸಿಪಾಯಿಗಳ ಸ್ಮಶಾನ. ಸ್ಮಶಾನ ಎಂದರೆ ನಂಬಲಾಗದು, ನಾಟಿ ಮಾಡಿದ ಗದ್ದೆಯ ಹಾಗೆ ಸಾಲು ಸಾಲು. ಹುಲ್ಲು ಕತ್ತರಿಸಿ, ಪ್ರತಿ ಕಲ್ಲಿನ ಪಕ್ಕ ಒಂದು ಹೂವಿನ ಗಿಡ ನೆಟ್ಟಿದ್ದಾರೆ. ಅವರನ್ನೂ ಜಪಾನಿನವರು ಸೆರೆ ಹಿಡಿದು ಇದೇ ರೈಲುದಾರಿಗೆ ದುಡಿಸಿದ್ದಂತೆ. ಮಾದೇಶ್ ಇಂಗ್ಲಿಷ್ ಕೂಡಿಸಿ ಓದುತ್ತಾ ಹೋದ. "ಇವನಿಗೆ ಇಪ್ಪತ್ತೆರಡು ಕಣಕ್ಕ. ಇವನಿಗೆ ಇಪ್ಪತ್ತು. ಇಲ್ಲಿ ನೋಡು, ಅವ್ವ ಅಪ್ಪ ಏನೋ ಬರೆಸವ್ರೆ." ನಾನು ಎಲ್ಲರಿಗೂ ಕೈ ಮುಗಿದೆ. ನಮ್ಮವರ ಕಲ್ಲು ಹುಡುಕಲಿಲ್ಲ. ನೀನು ಬೇಡವೆಂದದ್ದು ನೆನಪಿತ್ತು.

ರೈಲು ಬಂತು. ಕಿಟಕಿಗೆ ಗಾಜಿಲ್ಲ, ಗಟ್ಟಿ ಸೀಟು, ತಲೆ ಮೇಲೆ ಪುಟ್ಟ ಫ್ಯಾನು. ಮೊದಲು ದೊಡ್ಡ ಕಬ್ಬಿಣದ ಸೇತುವೆ. ಪ್ರವಾಸದ ಜನ ಹಳಿಯ ಪಕ್ಕ ನಿಂತು ರೈಲಿಗೆ ಕೈ ಬೀಸುತ್ತಿದ್ದರು, ಫೋಟೋ ಹಿಡಿಯುತ್ತಿದ್ದರು. ಅದು ದಾಟಿದ ಮೇಲೆ ಬಯಲು. ಕಬ್ಬು, ಮರಗೆಣಸು, ಬಾಳೆ. ಬುಟ್ಟಿ ಹೊತ್ತ ಹೆಂಗಸರು ಅತ್ತಿಂದಿತ್ತ ಓಡಾಡುತ್ತಾರೆ. ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟು ಅಕ್ಕಿಯ ಕಡುಬು ಕೊಂಡೆವು, ಒಳಗೆ ಬಾಳೆಹಣ್ಣು. "ನಮ್ಮ ಪಂಚಾಯ್ತಿ ಟ್ರ್ಯಾಕ್ಟರೇ ಇದಕ್ಕಿಂತ ಜೋರು ಕಣಕ್ಕ" ಎಂದ ಮಾದೇಶ್. ನನಗೆ ಅದು ನಿಧಾನ ಅನ್ನಿಸಲಿಲ್ಲ. ಇನ್ನೂ ನಿಧಾನ ಹೋಗಲಿ ಅನ್ನಿಸಿತು. ಕಿಟಕಿಯಾಚೆ ಒಂದೊಂದು ದಿಣ್ಣೆ ಕೊರೆದದ್ದು ಕಂಡಾಗಲೂ ಇದನ್ನು ಕಡಿದ ಗುದ್ದಲಿ ಯಾರ ಕೈಯಲ್ಲಿತ್ತೋ ಎಂದು ನೋಡುತ್ತಿದ್ದೆ.

ಆಮೇಲೆ ಬೆಟ್ಟ ಹತ್ತಿರ ಬಂತು. ರೈಲು ನಡೆಯುವ ಹಾಗಾಯಿತು. ಒಂದು ಕಡೆ ಬಂಡೆ, ಕೈ ಚಾಚಿದರೆ ಸಿಗುತ್ತದೆ. ಇನ್ನೊಂದು ಕಡೆ ನೆಲವೇ ಇಲ್ಲ, ಆಳದಲ್ಲಿ ಹೊಳೆ, ಹಸಿರು ನೀರು, ನಮ್ಮ ಕಬಿನಿಯಷ್ಟೇ ಅಗಲ. ನಾವು ಮರದ ಕಂಬಗಳ ಮೇಲೆ. ಕಂಬಗಳು ಕಿರುಗುಟ್ಟುವುದು ಕಾಲಿಗೆ ತಿಳಿಯುತ್ತಿತ್ತು. ಅಂಕಯ್ಯ ತಾತ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಅವ್ವಾ.

ದಾಟಿದ ಕೂಡಲೇ ಒಂದು ಸಣ್ಣ ಸ್ಟೇಷನ್. ಇಳಿದು ಹಳಿಯ ಪಕ್ಕದಲ್ಲೇ ಹಿಂದಕ್ಕೆ ನಡೆದೆವು. ಗವಿಯೂ ಅಲ್ಲೇ ಇದೆ. ಒಳಗೆ ಬುದ್ಧನನ್ನು ಕೂರಿಸಿದ್ದಾರೆ, ಯಾರು ಯಾವಾಗ ಕೂರಿಸಿದರೋ ಕಾಣೆ. ನಾನು ಗಂಧದಕಡ್ಡಿ ಹಚ್ಚಿದೆ. ಅದು ದೇವರಿಗೆ ಹಚ್ಚಿದ್ದು, ತಾತನಿಗಲ್ಲ. ಹೊರಗೆ ಬಂದು ಆಚೀಚೆ ನೋಡಿದೆ. ಕಾಯಿಲೆ ಜೋಪಡಿ ಎಲ್ಲಿತ್ತು ಎಂದು ಯಾರನ್ನು ಕೇಳುವುದು? ಈಗ ಅಲ್ಲಿ ಐಸ್‌ಕ್ರೀಮ್ ಅಂಗಡಿ, ಟೋಪಿ ಅಂಗಡಿ. ಒಂದು ಹುಣಸೇಮರ ಇತ್ತು. ಅದರ ಕೆಳಗೆ ಕೂತೆ. ಮಧ್ಯಾಹ್ನದ ಬಿಸಿಲು, ಕೆಳಗೆ ಹೊಳೆಯ ಸದ್ದು. ಇಷ್ಟು ಚೆಂದದ ಜಾಗ ಎಂದು ಅಂಕಯ್ಯ ತಾತ ಯಾಕೆ ಹೇಳಲಿಲ್ಲವೋ. ಅವರಿಗೆ ಹಾಗೆ ಕಂಡಿರಲಿಕ್ಕಿಲ್ಲ.

ನೀನು ಎಡೆ ಇಡಕೂಡದು ಅಂದಿದ್ದೆ. ಇಡಲಿಲ್ಲ. ನನ್ನ ಡಬ್ಬಿಯಲ್ಲಿ ಊರಿಂದ ತಂದ ಹುರಿಹಿಟ್ಟು ಬೆಲ್ಲ ಇತ್ತು. ನನಗೇ ಹಸಿವಾಗಿತ್ತು, ಕಲಸಿಕೊಂಡು ತಿಂದೆ. ತಾತನಿಗೆ ಇಡುವಂತಿಲ್ಲ, ತಾತನ ಜಾಗದಲ್ಲಿ ನಾನು ಉಣ್ಣಬಹುದಲ್ಲ ಅಂದುಕೊಂಡೆ. ತಿನ್ನುವಾಗ ಒಂದು ಉಂಡೆ ಕೈಜಾರಿ ಬಿತ್ತು. ಎಲ್ಲಿತ್ತೋ ಒಂದು ಗೊರವಂಕ, ಬಂದು ಕಚ್ಚಿಕೊಂಡು ಹೋಯಿತು. ಕಾಗೆಯಲ್ಲ, ಗೊರವಂಕ. ನಾನು ಇಟ್ಟದ್ದಲ್ಲ, ಬಿದ್ದದ್ದು. ಮಾದಪ್ಪನಾಣೆ.

ಹಿಂದಿರುಗುವ ರೈಲಿಗೆ ಕಾದು ಊರಿಗೆ ಬಂದೆವು. ಸಂಜೆ ಇನ್ನೊಂದು ಜಾಗಕ್ಕೂ ಹೋಗಿದ್ದೆವು. ಅದರ ವಿಷಯ ಈಗ ಬರೆಯುವುದಿಲ್ಲ. ನೀನು ಕೇಳಿದರೆ ಬರೆಯುತ್ತೇನೆ.

ಶಿವರಾತ್ರಿಗೆ ಊರಲ್ಲಿರುತ್ತೇನೆ. ಈ ಕಾಗದವನ್ನು ಇಲ್ಲಿಂದಲೇ ಅಂಚೆಗೆ ಹಾಕುತ್ತೇನೆ. ತಾತ ಇದ್ದ ಕಡೆಯಿಂದ ನಮ್ಮ ಮನೆಗೆ ಒಂದು ಕಾಗದವೂ ಬಂದಿರಲಿಲ್ಲವಲ್ಲ, ಇದಾದರೂ ಬರಲಿ.

ನಿನ್ನ ಮಗಳು,
ಮಾಯಮ್ಮ


ಬೀಚನಹಳ್ಳಿ
೬ ಏಪ್ರಿಲ್ ೨೦೨೫

ಅವ್ವನಿಗೆ ಮಾಯಮ್ಮನ ನಮಸ್ಕಾರ.

ಯುಗಾದಿ ಆಯಿತು. ನಿನ್ನ ಅಳಿಯ ಕಾಲುವೆಯ ತೂಬು ನೋಡಲು ಹೋಗಿದ್ದಾರೆ, ಮನೆಯಲ್ಲಿ ನಾನೊಬ್ಬಳೇ. ಆ ದೇಶದ ಕಾಗದ ನಿನಗೆ ಸೇರಿತೇ? ಸ್ಟಾಂಪಿನ ಮೇಲೆ ಅವರ ರಾಜನ ಚಿತ್ರ ಇದೆ. ಸೇರಿದ್ದರೆ ಸ್ಟಾಂಪು ಸಂಘಮಿತ್ರ ಇಟ್ಟುಕೊಳ್ಳಲಿ.

ಮೊನ್ನೆ ಹುಣಸೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ರಾವಂದೂರು ಕಡೆಯ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರ್ ಗುರುತಿನವನು, "ಬರಲ್ವಾ ಅಕ್ಕ, ಸೀಟದೆ" ಅಂದ. ಕೆಲಸವಿದೆ ಅಂದೆ. ಬಸ್ಸು ಮರೆಯಾಗುವ ತನಕ ಅಲ್ಲೇ ನಿಂತಿದ್ದೆ. ಕೆಲಸ ಏನೂ ಇರಲಿಲ್ಲ.

ನಿನ್ನ ಮೊಣಕಾಲು ಹೇಗಿದೆ? ಒಂದು ಸಾಲು ಬರೆಸು. ಬೈದಾದರೂ ಬರೆಸು.

ಮಾಯಮ್ಮ


ರಾವಂದೂರು
೩ ಜೂನ್ ೨೦೨೫

ಅತ್ತೆ, ಆ ದೇಶದ ಕಾಗದ ಮಾರ್ಚಿನಲ್ಲೇ ಬಂತು. ಅಜ್ಜಿ ಅದನ್ನು ಮತ್ತೆ ಮತ್ತೆ ಓದಿಸಿದ್ದಾರೆ. ರೈಲು ಮರದ ಕಂಬದ ಮೇಲೆ ಹೋಗುವ ಜಾಗ ಬಂದಾಗ ನನ್ನ ಕೈ ಹಿಡಿದುಕೊಳ್ಳುತ್ತಾರೆ. ಉತ್ತರ ಬರೆಯೋಣವಾ ಎಂದರೆ "ತಡಿ" ಎನ್ನುತ್ತಿದ್ದರು. ಇವತ್ತು ತಾವೇ ಕರೆದರು. ಹೇಳಿದ್ದು ಇಷ್ಟೇ:

ಮಾಯಿ, ಸಂಜೆ ನೀನು ಓಗಿದ್ದ ಜಾಗ ಯಾವುದು? ಅಲ್ಲಿ ನಮ್ಮೋರ ಕಲ್ಲಿತ್ತಾ? ತಾರೀಕು ಬರೆದಿತ್ತಾ? ಇದ್ರೆ ಇದೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು. ನನಗೆ ಇನ್ನು ತಡ್ಕಳಾಕೆ ಆಗಾಕಿಲ್ಲ.

ಚಿಕ್ಕಸಿದ್ದಮ್ಮ


ಬೀಚನಹಳ್ಳಿ
೧೦ ಜೂನ್ ೨೦೨೫

ಅವ್ವಾ,

ನೀನು ಕೇಳಿದ್ದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ತಾರೀಖು ಇಲ್ಲ. ಹೆಸರೂ ಇಲ್ಲ.

ರೆಸಾರ್ಟಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಅಲ್ಲಿಯ ಹೆಂಗಸೊಬ್ಬಳಿಗೆ ನಾಲ್ಕು ಮಾತು ಇಂಗ್ಲಿಷ್ ಬರುತ್ತಿತ್ತು. ಮಾದೇಶ್ ಅವಳ ಹತ್ತಿರ ವಿಚಾರಿಸಿದ್ದ. ಸಿಪಾಯಿಗಳಿಗೆ ಸ್ಮಶಾನ ಇದೆ, ಮಲಯದಿಂದ ತಂದ ಕೂಲಿಯವರು ಎಲ್ಲಿ ಎಂದು. ಊರೊಳಗಿನ ಒಂದು ದೇವಸ್ಥಾನದ ಹೆಸರು ಬರೆದುಕೊಟ್ಟಿದ್ದಳು. ರೈಲಿಳಿದು ಅಲ್ಲಿಗೆ ಹೋದೆವು. ಅಂಗಳದ ಒಂದು ಕಡೆ ಗೋಪುರದ ಥರದ ಒಂದು ಕಟ್ಟೋಣ. ಯುದ್ಧ ಮುಗಿದ ಮೇಲೆ ಅಲ್ಲಲ್ಲಿ ಸಿಕ್ಕಿದ ಕೂಲಿಯವರ ಮೂಳೆಗಳನ್ನು ತಂದು ಅದರ ಕೆಳಗೆ ಒಟ್ಟಿಗೆ ಇಟ್ಟಿದ್ದಾರಂತೆ. ಸಾವಿರಾರು ಜನರದ್ದಂತೆ. ತಮಿಳರು, ಮಲಯಾಳಿಗಳು, ತೆಲುಗರು, ಇನ್ನು ಯಾರ್‍ಯಾರೋ. ನಮ್ಮ ತಾತ ಅದರೊಳಗಿದ್ದಾನೋ, ಆ ಹುಣಸೇಮರದ ಬುಡದಲ್ಲಿದ್ದಾನೋ, ಹೊಳೆಯಲ್ಲಿ ಹೋದನೋ, ಹೇಳುವವರಿಲ್ಲ. ಒಂದು ಹೆಸರಿಲ್ಲ, ಊರಿಲ್ಲ, ವಯಸ್ಸಿಲ್ಲ.

ಬೆಳಿಗ್ಗೆ ಆ ಸಿಪಾಯಿಗಳ ಕಲ್ಲು ಕಂಡಾಗ ನನಗೆ ಮರುಕ ಬಂದಿತ್ತು. ಸಂಜೆ ಸಿಟ್ಟು ಬಂತು, ಅವರ ಮೇಲಲ್ಲ. ಒಂದೇ ದಾರಿಗೆ ಮಣ್ಣು ಹೊತ್ತವರು. ಅವರಲ್ಲಿ ಒಬ್ಬೊಬ್ಬನಿಗೂ ಒಂದೊಂದು ಕಲ್ಲು, ತಾಯಿ ತಂದೆ ಬರೆಸಿದ ಒಂದು ಸಾಲು. ನಮ್ಮವರು ಯಾವ ದಿನ ಸತ್ತರು ಎಂದು ಬರೆದಿಟ್ಟುಕೊಳ್ಳಲು ಒಬ್ಬನಿಗೂ ತೋಚಲಿಲ್ಲವಲ್ಲ. ಹಸು ಕರು ಹಾಕಿದ ದಿನವನ್ನೂ ನಾವು ಗೋಡೆ ಮೇಲೆ ಬರೆದಿಡುತ್ತೇವೆ. ಮಾದೇಶನ ಮುಂದೆ ಅಳಬಾರದೆಂದು ಗೋಪುರದ ಹಿಂದಕ್ಕೆ ಹೋದೆ.

ಅಲ್ಲಿ ಒಬ್ಬಳು ಮುದುಕಿ ಕಸ ಗುಡಿಸುತ್ತಿದ್ದಳು. ನನ್ನ ಸೀರೆ ನೋಡಿ "ಇಂಡಿಯಾ?" ಅಂದಳು. ತಲೆ ಆಡಿಸಿದೆ. ಗೋಪುರ ತೋರಿಸಿ ಅವಳ ಮಾತಿನಲ್ಲಿ ಏನೋ ಕೇಳಿದಳು. ನಾನು ನಮ್ಮ ಮಾತಿನಲ್ಲಿ "ನಮ್ಮವ್ವನ ಅಪ್ಪ" ಅಂದೆ. ಅವಳು ಪೊರಕೆಗೆ ಗಲ್ಲ ಒರಗಿಸಿಕೊಂಡು ನನ್ನನ್ನೇ ನೋಡುತ್ತಾ ನಿಂತಳು. ನಾನು ಆ ಪೊರಕೆ ಇಸಿದುಕೊಂಡೆ. ಸೆರಗು ಸಿಕ್ಕಿಸಿ ಗೋಪುರದ ಸುತ್ತ ಗುಡಿಸಿದೆ. ಹಬ್ಬದ ಮುಂಚೆ ನಮ್ಮ ಮನೆ ಅಂಗಳ ಗುಡಿಸುತ್ತಿದ್ದೆನಲ್ಲ, ಮೂಲೆ ಬಿಡದೆ, ಹಾಗೆ. ಎಡೆ ಇಡಬೇಡ ಅಂದಿದ್ದೆ, ಕಸ ಗುಡಿಸಬೇಡ ಅಂದಿರಲಿಲ್ಲ.

ಇದನ್ನು ಬರೆಯಲು ನನಗೆ ಸಂಕಟ. ಅಷ್ಟು ದೂರ ಹೋಗಿ ನಿನಗೆ ತಂದದ್ದು ಇಷ್ಟೇ. ಜಾಗ ಕಣ್ಣಾರೆ ಕಂಡೆ. ತಾತನನ್ನು ಕಾಣಲಿಲ್ಲ. ಅವನಿಗೆ ಒಂದು ದಿನವೂ ಇಲ್ಲ.

ಮಾಯಮ್ಮ


ರಾವಂದೂರು
೮ ಸೆಪ್ಟೆಂಬರ್ ೨೦೨೫

ಅತ್ತೆ, ಅಪ್ಪ ತಂಬಾಕು ಬೇಯಿಸುವ ಬ್ಯಾರನ್ ಬಿಟ್ಟು ಮನೆಗೇ ಬರುತ್ತಿಲ್ಲ. ನನಗೂ ಪರೀಕ್ಷೆ ಇತ್ತು. ಅದಕ್ಕೆ ತಡ ಎಂದು ನಾನು ಬರೆದರೆ ಅಜ್ಜಿ "ಸುಳ್ಳು ಬರೀಬ್ಯಾಡ, ನಾನೇ ಯೋಚ್ನೆ ಮಾಡ್ತಿದ್ದೆ ಅಂತ ಬರಿ" ಎನ್ನುತ್ತಿದ್ದಾರೆ. ಇನ್ನು ಅವರ ಮಾತು:

ಮಗಾ ಮಾಯಿ,

ನೀನು ಬರೆದಿದ್ದು ಕೇಳಿ ಮೊದಲು ಅತ್ಬುಟ್ಟೆ. ಎರಡು ದಿನ ಸಂಘಿ ಗಂಜಿ ಕುಡಿಸಿದ್ಲು. ಆಮೇಲೆ ಒಂದಿನ ಜಗಲಿ ಮೇಲೆ ಕೂತಿದ್ದಾಗ ತೋಚ್ತು. ತಾರೀಕು ಇಲ್ಲ ಅಂದ್ಯಲ್ಲ, ಇಲ್ಲ ತಾನೆ? ಅಂಗಾದ್ರೆ ನಮ್ಮಪ್ಪ ಇಂಥ ದಿನ ತೀರ್ಕಂಡ ಅಂತ ಯಾವ ಮಗನೂ ಹೇಳೋಕಾಗಲ್ಲ. ಅವ್ವಂಗಿಂತ ಮೊದ್ಲು ಓದ ಅಂತ್ಲೂ ಹೇಳೋಕಾಗಲ್ಲ. ತಾರೀಕು ಇದ್ದಿದ್ರೆ ಅವ್ವನ ಎಲೆ ಮೇಲಿನ ಬಳೆ ನಾನು ಕೈಯಾರೆ ತೆಗೀಬೇಕಾಗಿತ್ತು. ಬರ್ಕಳಾಕೆ ಆ ನನ್‌ ಮಕ್ಕಳಿಗೆ ಪುರ್ಸೊತ್ತಾಗ್ಲಿಲ್ಲ. ನಮ್ಮವ್ವನ ಬಳೆ ಉಳೀತು.

ಜೊತೆಗೆ ಕಣ್ಣಾರೆ ಕಂಡೋರು ಬರ್ಬೇಕು ಅಂತ ಅವ್ವ ಅಂದಿದ್ಲು. ಅಪ್ಪನ್ನ ಯಾರೂ ಕಾಣ್ಲಿಲ್ಲ, ಅಪ್ಪನ ಜಾಗ ನೀನು ಕಂಡೆ. ಗುಡಿಸಿ ಬಂದೆ. ನನಗೆ ಅಷ್ಟು ಸಾಕು. ಅವ್ವಂಗೂ ಸಾಕು ಅಂತ ಅಂದ್ಕತೀನಿ. ಸಾಲ್ದು ಅಂದ್ರೆ ನಾನು ಅವ್ಳ ತಾವ್ಕೆ ಓದಾಗ ಕೇಳ್ಕತೀನಿ, ಇನ್ನೇನು ದೂರ ಇಲ್ಲ.

ಆ ಗೊರವಂಕ ತಿಂತಲ್ಲ ಉಂಡೆ, ಅದು ಜಾರಿ ಬಿದ್ದಿದ್ದು ಅಂತ ಮಾದಪ್ಪನಾಣೆ ಇಕ್ಕಿದ್ದೀಯ. ನೀನು ಚಿಕ್ಕೋಳಿದ್ದಾಗಿಂದ್ಲೂ ಆಣೆ ಇಕ್ಕಿದ್ಯಾ ಅಂದ್ರೆ ಸುಳ್ಳೇ. ಹೋಗ್ಲಿ ಬುಡು, ಅಪ್ಪ ಒಂದು ತುತ್ತು ತಿಂದ.

ಅಮಾಸೆ ಹಬ್ಬಕ್ಕೆ ಬಾ. ನಾಕು ದಿನ ಮುಂಚೆ ಬಾ, ಅಂಗಳ ಗುಡಿಸಬೇಕು. ಸಂಘಿ ಪೊರಕೆ ಹಿಡಿಯೋದು ಪೆನ್ನು ಹಿಡ್ದಂಗೆ. ಹೊಸ್ತಿಲು ತುಳೀಬ್ಯಾಡ ಅಂದಿದ್ದೆ, ನೆಪ್ಪಿದೆ. ಆ ಹೊಸ್ತಿಲು ಗೆದ್ದಲು ತಿಂದು ಆಷಾಢದಲ್ಲೇ ಕಿತ್ತೋಯ್ತು. ನಿಮ್ಮಣ್ಣ ಹೊಸದು ಹಾಕ್ಸಿಲ್ಲ. ತುಳಿಯೋಕೆ ಏನೂ ಇಲ್ಲ, ಸುಮ್ನೆ ಒಳಿಕ್ಕೆ ಬಾ.

ಬರ್ವಾಗ ಪಿರಿಯಾಪಟ್ಟಣದಲ್ಲಿ ಇಳ್ಕಂಡು ಅವ್ವನ ಎಲೆಗೆ ಹಸಿರು ಬಳೆ ತಗಂಡು ಬಾ. ಗಾಜಿಂದೇ ತರ್ಬೇಕು, ಆ ಪಳಪಳ ಅನ್ನೋ ಪ್ಲಾಸ್ಟಿಕ್ಕು ಬ್ಯಾಡ. ಅದರ ಪಕ್ಕದಲ್ಲೇ ಅಪ್ಪಂಗೆ ಎಲೆ ಹಾಕಾಣ. ಹೊಸ ಬಟ್ಟೆ ಅಂತ ನಿಮ್ಮಣ್ಣ ಪಂಚೆ ತರ್ತೀನಿ ಅಂದವ್ನೆ. ಟವಲು ನೀನು ತಾ. ಸ್ವಲ್ಪ ದಪ್ಪಗಿರೋದು ನೋಡು, ಮಡಿಸಿದ್ರೆ ಮೆತ್ತಗಿರ್ಬೇಕು.

ಎಡೆ ಇಕ್ಕುವಾಗ ಸತ್ತೋರ ಮುಖ ನೆನೆಸ್ಕಂಡು ಕೈ ಮುಗೀಬೇಕು ಅಂತ ಅವ್ವ ಹೇಳ್ಕೊಟ್ಟಿದ್ಲು. ನಾನು ಹೆಗಲು ನೆನೆಸ್ಕತೀನಿ.

ಚಿಕ್ಕಸಿದ್ದಮ್ಮ